ಹಿಂದಿನ ಬೋಗಿ

ಆ ಪರದೇಶದ ಊರಿನಲ್ಲಿ ಹಿರಿಸೊಸೆಗೆ ಗೊತ್ತಿಲ್ಲದ ಬಸ್ಸಿರಲಿಲ್ಲ, ರೈಲಿರಲಿಲ್ಲ. ಗಂಡನ ನೌಕರಿಯ ಬೆನ್ನು ಹತ್ತಿ ಬಂದ ಮೊದಲ ವರ್ಷ ಟಿಕೆಟ್ ಮಿಷನ್ನಿನ ಮುಂದೆ ನಿಂತು ಬೆವರಿದ್ದಳು, ತಪ್ಪು ಬಸ್ಸು ಹತ್ತಿ ಕಣ್ಣೀರು ಹಾಕಿದ್ದಳು. ಯಾರನ್ನಾದರೂ ಕೇಳೋಣವೆಂದರೆ ತನ್ನ ಹರುಕುಮುರುಕು ಮಾತಿಗೆ ಎಲ್ಲಿ ನಕ್ಕುಬಿಡುತ್ತಾರೋ ಎಂದು ನಾಲಿಗೆಯೇ ಏಳುತ್ತಿರಲಿಲ್ಲ. ಹಾಗಾಗಿ ಕೇಳದೆಯೇ ಕಲಿತಳು. ಪ್ರತಿ ನಿಲ್ದಾಣದ ಬೋರ್ಡನ್ನೂ ಮಗ್ಗಿಯಂತೆ ಬಾಯಿಪಾಠ ಮಾಡಿದಳು. ಈಗ ಪ್ಯಾಂಟಿನ ಕಾಲು ಮಡಿಸಿ ಹೊಲಿಯುವ ಅಂಗಡಿಯ ಕೆಲಸಕ್ಕೆ ದಿನವೂ ಒಬ್ಬಳೇ ರೈಲಿನಲ್ಲಿ ಹೋಗಿಬರುತ್ತಿದ್ದಳು. ಅಡಿಗೆ ಎಲ್ಲರೂ ಮಾಡುತ್ತಾರೆ, ಸಂಬಳ ಗಂಡಸರು ಹೆಚ್ಚು ತರುತ್ತಾರೆ; ಆದರೆ ದಾರಿಯ ಮಾತು ಬಂದರೆ ಮೈದುನ ಕೂಡ "ಅತ್ತಿಗೇನ ಕೇಳಿ" ಎನ್ನುತ್ತಿದ್ದ. ಮನೆಯಲ್ಲಿ ಅವಳಿಗಿದ್ದ ಪಟ್ಟ ಅದೊಂದೇ.

ಆ ಪಟ್ಟಕ್ಕೆ ಕುತ್ತು ಬಂದದ್ದು ಮೈದುನ ಮದುವೆಯಾಗಿ ಹೆಂಡತಿಯನ್ನು ಅದೇ ಮನೆಗೆ ಕರೆತಂದ ಮೇಲೆ.

ಓರಗಿತ್ತಿ ತವರೂರಿನಲ್ಲಿ ಕೃತಕ ಹಲ್ಲು ತಯಾರಿಸುವ ಕೆಲಸದಲ್ಲಿದ್ದವಳು. ಇಲ್ಲಿನ ಭಾಷೆಯಲ್ಲಿ ಅವಳಿಗೆ ಬರುತ್ತಿದ್ದದ್ದು ಬೆರಳೆಣಿಕೆಯ ಮಾತು. ನಾಚಿಕೆ ಮಾತ್ರ ಒಂದು ಚೂರೂ ಇರಲಿಲ್ಲ. ಡ್ರೈವರನ್ನು ಕೇಳುವಳು, ನಾಯಿ ಹಿಡಿದು ನಡೆಯುವವರನ್ನು ಕೇಳುವಳು, ಮಾತು ಸಾಲದಿದ್ದರೆ ಕೈ ಬೀಸಿ ಕೇಳುವಳು. ತಿಂಗಳು ತುಂಬುವ ಮೊದಲೇ ಊರೆಲ್ಲ ಸುತ್ತಿದ್ದಳು.

"ಇವತ್ತು ಒಬ್ಬರು ಅಜ್ಜಿ ಸ್ಟಾಪ್‌ವರೆಗೂ ಕೈ ಹಿಡ್ಕೊಂಡು ಬಂದ್ರು ಭಾವ. ದಾರಿಯುದ್ದಕ್ಕೂ ಅವರ ಹಲ್ಲಿನ ಸೆಟ್ಟನ್ನೇ ನೋಡ್ತಿದ್ದೆ. ಯಾರೋ ಅಳತೆ ತಪ್ಪಿಸಿದಾರೆ!"

ಹಿರಿಯವಳ ಗಂಡ ಅನ್ನ ನೆತ್ತಿಗೇರುವಷ್ಟು ನಕ್ಕ. ತನ್ನ ಮಾತಿಗೆ ಅವನು ಹಾಗೆ ನಕ್ಕದ್ದು ಯಾವಾಗ ಎಂದು ನೆನಪಿಸಿಕೊಳ್ಳಲು ಹೋಗಿ ಅವಳು ಸಾರಿನ ಸೌಟನ್ನು ಪಾತ್ರೆಗೆ ಸ್ವಲ್ಪ ಜೋರಾಗಿಯೇ ಇಟ್ಟಳು. ಫೋನಿನಲ್ಲಿ ಅತ್ತೆಯೂ ಬಿಡಲಿಲ್ಲ. "ಏನೇ, ಮೊದಲು ಬಂದ ಕಿವಿಗಿಂತ ಆಮೇಲೆ ಬಂದ ಕೊಂಬೇ ಹೆಚ್ಚಂತೆ?" ತಮಾಷೆಗೆ ಅಂದದ್ದೇ. ಕಿವಿ ಮಾತ್ರ ರಾತ್ರಿಯೆಲ್ಲ ಉರಿಯಿತು.

ಅಷ್ಟರಲ್ಲಿ ಓರಗಿತ್ತಿಗೆ ಊರಾಚೆಯ ಹಲ್ಲಿನ ಲ್ಯಾಬಿನಿಂದ ಸಂದರ್ಶನಕ್ಕೆ ಕರೆ ಬಂತು.

"ನಾನು ರಜ ಹಾಕಿ ಕರ್ಕೊಂಡು ಹೋಗ್ತೀನಿ" ಎಂದಳು ಹಿರಿಯವಳು.

"ನೀನ್ಯಾಕೆ? ಅವಳೇ ಹೋಗ್ತಾಳೆ ಬಿಡು. ಇನ್ಮೇಲೆ ನೀನೇ ಅವಳ ಹತ್ರ ದಾರಿ ಕೇಳ್ಬೇಕು" ಎಂದು ಗಂಡ ಅಂದ.

"ಅಯ್ಯೋ, ಅಕ್ಕ ಬಂದ್ರೆ ನನಗೆ ಧೈರ್ಯ" ಎಂದಳು ಕಿರಿಯವಳು. ಅದನ್ನು ಹೊಗಳಿಕೆ ಎಂದು ತಿಳಿಯಬೇಕೋ ಕನಿಕರ ಎಂದೋ ಹಿರಿಯವಳಿಗೆ ಗೊತ್ತಾಗಲಿಲ್ಲ.

ಸಂದರ್ಶನದ ದಿನ ಬೆಳಿಗ್ಗೆ ಪ್ಲಾಟ್‌ಫಾರ್ಮಿನಲ್ಲಿ ಅವಳ ಕಾಲು ತಾನಾಗಿ ಹಿಂದಿನ ತುದಿಗೆ ನಡೆಯಿತು. ಆ ರೈಲಿನದೊಂದು ವಿಚಿತ್ರ. ನಡುವಿನ ಜಂಕ್ಷನ್ನಿನಲ್ಲಿ ಅದು ಎರಡಾಗಿ ಒಡೆಯುತ್ತದೆ. ಮುಂದಿನ ಬೋಗಿಗಳು ಒಂದು ದಿಕ್ಕಿಗೆ, ಹಿಂದಿನವು ಇನ್ನೊಂದಕ್ಕೆ. ಹೊಲಿಗೆಯಂಗಡಿ ಹಿಂದಿನ ಬೋಗಿಗಳ ದಾರಿಯಲ್ಲಿತ್ತು, ಲ್ಯಾಬು ಮುಂದಿನವುಗಳ ದಾರಿಯಲ್ಲಿ. ಮಾದರಿ ಹಲ್ಲುಗಳ ಡಬ್ಬಿಯನ್ನು ಎದೆಗವಚಿಕೊಂಡಿದ್ದ ಓರಗಿತ್ತಿ ತಲೆಯೆತ್ತಿ ಬೋರ್ಡು ನೋಡಿದಳು.

"ಅಕ್ಕ, ನಾವು ಮುಂದಿನ ಬೋಗಿ ಹತ್ಬೇಕು ಅನ್ಸುತ್ತೆ. ಅಲ್ಲಿ ಬರೆದಿದೆ ನೋಡಿ."

ಹಿರಿಯವಳಿಗೆ ತಟ್ಟನೆ ಹೊಳೆಯಿತು. ಹೌದಲ್ಲ! ಆ ಮಾತು ಆ ಬಾಯಿಂದ ಬರದಿದ್ದರೆ ತಾನೇ ಮುಂದಕ್ಕೆ ನಡೆಯುತ್ತಿದ್ದಳೇನೋ.

"ನನಗೆ ರೈಲು ಹೇಳ್ಕೊಡ್ತೀಯಾ? ಸುಮ್ನೆ ಹತ್ತು" ಎಂದಳು.

ಓರಗಿತ್ತಿ ಸುಮ್ಮನೆ ಹತ್ತಿದಳು.

ಜಂಕ್ಷನ್ನಿನಲ್ಲಿ ರೈಲು ಸ್ವಲ್ಪ ಹೊತ್ತು ನಿಲ್ಲುತ್ತದೆ. ಆಗ ಮೊದಲೇ ಲೆಕ್ಕ ಹಾಕಿದ್ದವಳಂತೆ "ಏಳು, ಇಲ್ಲಿಂದ ಮುಂದಿನ ಬೋಗಿಗೆ" ಎಂದು ಗತ್ತಿನಿಂದ ಇಳಿಸುವುದು ಎಂದು ಹಿರಿಯವಳು ಮನಸ್ಸಿನಲ್ಲೇ ಹವಣಿಸಿದ್ದಳು. ಜಂಕ್ಷನ್ ಬಂತು. ಅವಳು ಎದ್ದಳು ಕೂಡ. ಆದರೆ ಬಾಗಿಲಲ್ಲಿ ಮಕ್ಕಳ ಕೈಗಾಡಿ ನೂಕಿಕೊಂಡು ಇಬ್ಬರು ತಾಯಂದಿರು ಒಳಬರುತ್ತಿದ್ದರು, ಹಿಂದೆಯೇ ಜನರ ಗುಂಪು. "ದಾರಿ ಬಿಡಿ" ಎಂಬ ಎರಡು ಮಾತು ಆ ಭಾಷೆಯಲ್ಲಿ ಗಂಟಲವರೆಗೆ ಬಂದು ಅಲ್ಲೇ ಕೂತವು. ಬಾಗಿಲು ಮುಚ್ಚಿತು. ಕಿಟಕಿಯಾಚೆ ರೈಲಿನ ಮುಂದಿನ ಅರ್ಧ ಬೇರೆ ಹಳಿಗೆ ಹೊರಳಿ ಹೊರಟುಹೋಯಿತು.

"ಅಕ್ಕ, ಅದು ನಮ್ಮ ರೈಲಲ್ವಾ?"

ಹಿರಿಯವಳು ಬಾಗಿಲ ಹತ್ತಿರ ಹೋಗಿ ನಿಂತಳು.

ಮುಂದಿನ ನಿಲ್ದಾಣದಲ್ಲಿ ಇಳಿದದ್ದೇ ತಡ, ಓರಗಿತ್ತಿ ಏಣಿ ಹೊತ್ತು ಹೋಗುತ್ತಿದ್ದ ಒಬ್ಬ ಕೆಲಸಗಾರನನ್ನು ಅಡ್ಡಗಟ್ಟಿ ಲ್ಯಾಬಿನ ವಿಳಾಸ ತೋರಿಸಿದಳು. ಆತ ಏಣಿ ಗೋಡೆಗಾನಿಸಿ ರಸ್ತೆಯ ತಿರುವಿನತ್ತ ಕೈ ಮಾಡಿದ. ಅಲ್ಲಿಂದ ಲ್ಯಾಬಿನ ಕಡೆಗೆ ಅಡ್ಡಹಾಯುವ ಬಸ್ಸೊಂದಿತ್ತು. ವರ್ಷಗಟ್ಟಲೆ ಇದೇ ದಾರಿಯಲ್ಲಿ ಓಡಾಡಿದ ಹಿರಿಯವಳಿಗೆ ಅಂಥದೊಂದು ಬಸ್ಸಿದೆ ಎಂಬುದೇ ಗೊತ್ತಿರಲಿಲ್ಲ. ಇಬ್ಬರೂ ಓಡಿದರು.

ಬಸ್ಸಿನಲ್ಲಿ ಕೂತ ಮೇಲೆ ಮೈದುನನ ಫೋನು ಬಂತು.

"ಇನ್ನೂ ತಲುಪಿಲ್ಲ ರೀ. ನಾನೇ ಹಿಂದಿನ ಬೋಗಿಗೆ ಹತ್ತಿಸಿಬಿಟ್ಟೆ. ಅಕ್ಕ ಪಾಪ ಹೇಳ್ತಾನೇ ಇದ್ರು" ಎಂದಳು ಓರಗಿತ್ತಿ.

"ತಲೆಹರಟೆ! ಅತ್ತಿಗೆ ಮಾತು ಕೇಳೋಕೇನಾಗಿತ್ತು ನಿನಗೆ?" ಎಂಬ ಮೈದುನನ ದನಿ ಇತ್ತ ಕೂತವಳಿಗೂ ಕೇಳಿಸಿತು.

ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಪಟ್ಟ ಮರಳಿ ಮಡಿಲಿಗೆ ಬಿದ್ದಿತ್ತು. ಆದರೆ ಹಿರಿಯವಳಿಗೆ ಅದನ್ನು ಸಹಿಸಲಾಗಲಿಲ್ಲ. ನಗಿಸುವವಳೂ ಇವಳೇ, ದಾರಿ ಹುಡುಕುವವಳೂ ಇವಳೇ, ಈಗ ದೊಡ್ಡ ಮನಸ್ಸೂ ಇವಳಿಗೇ ಬೇಕೆ? ಫೋನು ಕಿತ್ತುಕೊಂಡಳು.

"ಸುಳ್ಳಪ್ಪಾ. ಹತ್ತಿಸಿದ್ದು ನಾನು. ಗೊತ್ತಿದ್ದೂ ಹತ್ತಿಸಿದೆ."

ಓರಗಿತ್ತಿಯ ಮುಖ ನಿಧಾನಕ್ಕೆ ಬಿಗಿದುಕೊಂಡಿತು.

"ಗೊತ್ತಿದ್ದೂನಾ?"

ಅಕ್ಕನಿಗೆ ಮರೆತುಹೋಗಿರಬೇಕೆಂದು ತಿಳಿದು ಅವಳು ಮುಚ್ಚಿಹಾಕಲು ಹೊರಟಿದ್ದಳೆಂದು ಹಿರಿಯವಳಿಗೆ ಆಗ ಅರ್ಥವಾಯಿತು. ಓರಗಿತ್ತಿ ಡಬ್ಬಿ ಎತ್ತಿಕೊಂಡು ಹೋಗಿ ಮುಂದಿನ ಸೀಟಿನಲ್ಲಿ ಕೂತಳು. ಇಳಿಯುವವರೆಗೂ ತಿರುಗಲಿಲ್ಲ.

ಲ್ಯಾಬಿನ ಬಾಗಿಲು ತಲುಪುವಾಗ ಹೊತ್ತು ಮೀರಿತ್ತು. ಒಳಗಿಂದ ಬಂದ ಹೆಂಗಸು ಗಡಿಯಾರದ ಕಡೆ ನೋಡಿ, ಹುಬ್ಬು ಗಂಟಿಕ್ಕಿ, ಕಾಯಲು ಸನ್ನೆ ಮಾಡಿ ಹೋದಳು. ಕರೆಯುತ್ತಾಳೋ ಕಳಿಸಿಬಿಡುತ್ತಾಳೋ ಎಂದು ಇಬ್ಬರೂ ಬಾಗಿಲನ್ನೇ ನೋಡುತ್ತ ನಿಂತರು. ಕೊನೆಗೆ ಬಾಗಿಲು ತೆರೆಯಿತು, ಒಳಗೆ ಬಾ ಎಂಬಂತೆ ಕೈಯಾಡಿತು.

ಓಡಿ ಬಂದು ಓರಗಿತ್ತಿಯ ಜಡೆ ಅರ್ಧ ಬಿಚ್ಚಿಹೋಗಿತ್ತು. ಹಿರಿಯವಳು ಕೈ ಚಾಚಿದಳು. ಅವಳು ತಲೆ ಕೊಸರಿದಳು. ಆಮೇಲೆ ಬೇರೆ ದಾರಿ ಕಾಣದೆ ಬೆನ್ನು ತಿರುಗಿಸಿ ನಿಂತಳು.

"ಬೇಗ" ಎಂದಳು, ಅಕ್ಕ ಎನ್ನಲಿಲ್ಲ.

ಹಿರಿಯವಳು ಜಡೆ ಬಿಗಿದು ಕ್ಲಿಪ್ಪು ಹಾಕಿದಳು. ಒಂದು ಮುಷ್ಟಿಗೆ ಹಿಡಿಯದಷ್ಟು ದಟ್ಟ ಕೂದಲು. ಆ ಗಳಿಗೆಯಲ್ಲೂ ಅವಳಿಗೆ ಹೊಟ್ಟೆಕಿಚ್ಚಾಯಿತು.