ಕಸಬರಿಗೆ ಹೋಗುವ ಮನೆ

ಕುಕ್ಕರಗಾಲಲ್ಲಿ ಕೂರಲೇಬೇಡಿ ಎಂದು ಡಾಕ್ಟರು ನಾಗಕ್ಕನಿಗೆ ಹೇಳಿದ್ದರು. ಹೇಳುವುದಕ್ಕೇನು, ಸೋಫಾದ ಅಡಿ ಕಸ ಹೊಡೆಯುವವರು ಅವರೇ? ಎಂ.ಸಿ.ಸಿ. ಬಡಾವಣೆಯಲ್ಲಿ ಅವಳಿಗೆ ಎರಡು ಮನೆಯ ಕೆಲಸ. ‘ಎ’ ಬ್ಲಾಕಿನ ಕಮಲಕ್ಕನ ಮನೆ ಹೋದ ವರ್ಷ ಒಳಗೆಲ್ಲ ಹೊಸದಾದ ಮೇಲೆ ಅಲ್ಲಿ ಬಗ್ಗುವುದೇ ಕಡಿಮೆಯಾಗಿತ್ತು. ಈಗ ‘ಬಿ’ ಬ್ಲಾಕಿನ ಲತಾ ಅವರ ಮನೆಯ ಸರದಿ. ಅಲ್ಲಿ ಎಂಥ ಸಾಮಾನು ಬರುತ್ತದೆ ಎಂಬುದರ ಮೇಲೆ ಅವಳು ಇರುವುದೋ ಬಿಡುವುದೋ ನಿಂತಿತ್ತು. ಹದಿನಾರು ವರ್ಷದ ಮನೆ, ಬಿಡಲು ಅವಳಿಗೆ ಮನಸ್ಸಿರಲಿಲ್ಲ.

ಅವತ್ತು ಬಸವಪ್ರಭು ಬಂದಿದ್ದರು. ಮನೆಗಳ ಒಳಾಂಗಣ ವಿನ್ಯಾಸದಲ್ಲಿ ಊರೊಳಗೆ ಹೆಸರು ಮಾಡಿದವರು, ಮಾತೂ ನಯ. ಟ್ಯಾಬ್‌ನಲ್ಲಿ ತಾವು ಮಾಡಿದ ಮನೆಗಳ ಫೋಟೋ ಸರಿಸುತ್ತಿದ್ದರು. ಲತಾ ಬಣ್ಣ ನೋಡಿ ಆಹಾ ಎಂದರು, ಪರದೆ ನೋಡಿ ಆಹಾ ಎಂದರು, ಛಾವಣಿಯ ದೀಪಕ್ಕೆ ಮತ್ತೊಂದು ಆಹಾ. ಚಹಾ ತಂದ ನಾಗಕ್ಕನ ಕಣ್ಣು ಮಾತ್ರ ಫೋಟೋದ ತಳ ಬಿಟ್ಟು ಮೇಲೇಳಲಿಲ್ಲ. ನೆಲದಿಂದ ಎರಡೇ ಬೆರಳು ಬಿಟ್ಟು ಕೂತ ಟಿ.ವಿ. ಕಪಾಟು, ಅಷ್ಟೇ ತಗ್ಗಿನ ದಿವಾನ ಮಂಚ. ಅವುಗಳಡಿ ಕಸಬರಿಗೆ ಹೋಗದು, ಮಂಡಕ್ಕಿ ಮಾತ್ರ ಸಲೀಸಾಗಿ ಹೋಗುತ್ತದೆ. ಈ ಊರಲ್ಲಿ ಮಂಡಕ್ಕಿ ಚೆಲ್ಲದ ಮನೆ ಯಾವುದಿದೆ ಹೇಳಿ!

ನಡುವೆ ಹರಿಹರದ ಯಾವುದೋ ಮನೆಯ ಮೂರು ಫೋಟೋ ಬಂದವು. ಕಮಲಕ್ಕನ ಮನೆಯಲ್ಲಿದ್ದಂತೆಯೇ ಅಲ್ಲಿಯ ಸಾಮಾನು ಒಂದೋ ಕಸ ನುಗ್ಗದ ಹಾಗೆ ನೆಲಕ್ಕೆ ಪೂರ್ತಿ ಕಚ್ಚಿಕೊಂಡಿತ್ತು, ಇಲ್ಲವೇ ಕಸಬರಿಗೆ ಆಡುವಷ್ಟು, ಒಂದು ಗೇಣು ಮೇಲಿತ್ತು. ನಾಗಕ್ಕ ತಡೆಯಲಾರದೆ ಬಾಯಿಬಿಟ್ಟಳು.

“ಅಕ್ಕಾರೆ, ಈ ಮೂರು ಬ್ಯಾರೆ ಕೈ ಮಾಡಿದ್ದು. ಕಮಲಕ್ಕನ ಮನೆ ಮಾಡಿದ್ಲಲ್ಲ, ಹರಿಹರದ ಅಂಬಿಕಾ, ಅವಳ ಕೈ.”

ಲತಾ ಮುಜುಗರದಿಂದ ಗದರಿದರು. ಬಸವಪ್ರಭು ನಕ್ಕು, ಎಲ್ಲವೂ ತಮ್ಮ ಆಫೀಸಿನದೇ ಎಂದರು. ತಮಾಷೆಗೆಂದು ಇನ್ನಷ್ಟು ಹಳೆಯ ಫೋಟೋ ತೆಗೆದು ಒಂದೊಂದಾಗಿ ತೋರಿಸಿದರು. ನಾಗಕ್ಕ ಬಗ್ಗಿ ತಳ ನೋಡುವುದು, ಇದು ನಿಮ್ಮದು ಸರ, ಇದೂ ನಿಮ್ಮದು, ಇದು ಆ ಹುಡುಗಿದು ಎನ್ನುವುದು. ಆರನೆಯದಕ್ಕೆ ಅವರ ನಗು ನಿಂತಿತು. ಆದರೂ ಒಳ್ಳೆಯ ಮನುಷ್ಯ, ಸುಳ್ಳು ಹೇಳಲಿಲ್ಲ. ಅಂಬಿಕಾ ಸ್ವಂತ ಕೆಲಸ ಶುರು ಮಾಡುವ ಮೊದಲು ಎರಡು ವರ್ಷ ತಮ್ಮಲ್ಲೇ ಇದ್ದಳು, ಆ ಮನೆಗಳನ್ನು ಅವಳೊಬ್ಬಳೇ ಮಾಡಿದ್ದು ಎಂದು ಒಪ್ಪಿಕೊಂಡರು. ಎಲ್ಲದಕ್ಕೂ ಉದ್ದ ಕಾಲು ಯಾಕೆ ಹಚ್ಚುತ್ತೀ ಎಂದು ತಾವು ದಿನಾ ರೇಗುತ್ತಿದ್ದುದನ್ನೂ ಹೇಳಿದರು.

ಲತಾಗೆ ಇನ್ನೂ ತಗ್ಗಿನ ದಿವಾನದ ಮೇಲೇ ಮನಸ್ಸು. ನೋಡಲು ಎಷ್ಟು ಚೆಂದ ಎಂದು ರಾಗ ಎಳೆದರು. ಆದದ್ದಾಗಲಿ ಎಂದು ನಾಗಕ್ಕ ಹೇಳಿಯೇಬಿಟ್ಟಳು.

“ಅದು ಬಂದ್ರೆ ನಾ ಬರಾಕಾಗಲ್ಲ ಅಕ್ಕಾರೆ. ಮೊಣಕಾಲು ಮಡಚಾಕ ಬರವಲ್ದು. ಹೇಳಾಕ ನಾಚಿಕಿ ಆಗಿ ಸುಮ್ನಿದ್ದೆ.”

ಸಂಜೆ ಲತಾ ಕಮಲಕ್ಕನಿಗೆ ಫೋನು ಮಾಡಿ ಅಂಬಿಕಾಳ ನಂಬರು ತೆಗೆದುಕೊಂಡರು.

ಭಾನುವಾರ ಅಂಬಿಕಾ ಹರಿಹರದಿಂದ ಸ್ಕೂಟರಿನಲ್ಲಿ ಬಂದಳು. ಲತಾ ಹರಡಿಟ್ಟಿದ್ದ ಬಣ್ಣದ ಪಟ್ಟಿಗಳ ಕಡೆ ತಿರುಗಿಯೂ ನೋಡದೆ, ಮನೆಯಲ್ಲಿ ಕಸ ಹೊಡೆಯುವವರು ಯಾರು ಎಂದು ಕೇಳಿದಳು. ನಾಗಕ್ಕ ಮುಂದೆ ಬಂದಳು. ಅಂಬಿಕಾ ಅವಳ ಕೈಗೆ ಕಸಬರಿಗೆ ಕೊಟ್ಟು, ಕಾಲು ನೋಯದ ಹಾಗೆ ಎಷ್ಟು ಬಗ್ಗುತ್ತದೋ ಅಷ್ಟೇ ಬಗ್ಗಿ ಎಂದಳು. ಸಾಮಾನಿನ ತಳ ನೆಲದಿಂದ ಎಷ್ಟು ಎತ್ತರ ಇರಬೇಕೆಂದು ಅಳೆಯಲು ತಾನು ಟೇಪು ಬಿಚ್ಚಿ, ಒಂದು ತುದಿಯನ್ನು ನೆಲಕ್ಕೆ ಒತ್ತಿ ಹಿಡಿಯಲು ಲತಾ ಅವರಿಗೇ ಹೇಳಿದಳು.

ಲತಾ ಸೀರೆ ಸರಿಮಾಡಿಕೊಂಡು ಕುಕ್ಕರಗಾಲಲ್ಲಿ ಕೂತರು. ಹದಿನಾರು ವರ್ಷದಲ್ಲಿ ಮೊದಲ ಸಲ ತಮ್ಮ ಸೋಫಾದ ಅಡಿ ಇಣುಕಿದರು. ಅಲ್ಲಿ ಬೆರಳು ದಪ್ಪ ಧೂಳು. ನಾಗಕ್ಕನ ಮುಖ ಸಣ್ಣದಾಯಿತು. ಎರಡು ತಿಂಗಳಿಂದ ಅಲ್ಲಿಗೆ ಕೈ ಹೋಗಿಲ್ಲ ಎಂದು ಮೆಲ್ಲಗೆ ಒಪ್ಪಿಕೊಂಡಳು. ಲತಾ ಬೈಯಲಿಲ್ಲ. ಏಳಲು ನೋಡಿದರು, ಏಳಲಾಗಲಿಲ್ಲ. ನಾಗಕ್ಕನ ತೋಳು ಹಿಡಿದು ನರಳುತ್ತ ಅರ್ಧ ಎದ್ದವರು ಅಲ್ಲಿಂದಲೇ ಕೂಗಿದರು.

“ಅಂಬಿಕಾ, ಇನ್ನೆರಡು ಇಂಚು ಮ್ಯಾಲೇ ಬರ್ಕಳಮ್ಮ.”