ಲ್ಯಾಪ್‌ಟಾಪ್ ಇಲ್ಲದ ಆರತಿ

ಲ್ಯಾಪ್‌ಟಾಪ್ ಚೀಲದ ಜಿಪ್ ಎಳೆದ ಗುರುದತ್ತನಿಗೆ ಸಿಕ್ಕಿದ್ದು ಒಂದು ದೊಡ್ಡ ಡಬ್ಬ ಕೋಡುಬಳೆ.

"ಅಮ್ಮಾ, ಲ್ಯಾಪ್‌ಟಾಪ್ ಎಲ್ಲಿ?"

"ಬೀರೂನಲ್ಲಿ ಇಟ್ಟು ಬಂದೆ ಕಣೋ. ಈ ಚೀಲ ಮೆತ್ತಗಿತ್ತು. ರೈಲಲ್ಲಿ ಒಂದೂ ಮುರೀಲಿಲ್ಲ ನೋಡು."

ಕಮಲಾ ಹೇಳಿದ್ದು ಕೇಳಿಸಲು ಅವನು ಕಿವಿಯನ್ನು ಅವರ ಬಾಯಿಯ ಹತ್ತಿರ ತರಬೇಕಾಯಿತು. ಗಂಟಲಿನ ಆಪರೇಷನ್ ಆದಮೇಲೆ ಅವರ ದನಿ ಪಿಸುಮಾತಿಗಿಂತ ಸ್ವಲ್ಪ ಮೇಲೆ, ಅಷ್ಟೇ. ಆದರೂ ಬೀಗರ ಮನೆಗೆ ಮುರಿದ ಕೋಡುಬಳೆ ಒಯ್ಯುವ ಹೆಂಗಸು ಅವರಲ್ಲ. ಬೀರು ಇದ್ದದ್ದು ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ. ಇವರು ನಿಂತಿದ್ದು ವಿಜಯವಾಡದ ಭವಾನಿಪುರಂನಲ್ಲಿ, ಬೀಗರ ಮನೆಯ ಹಾಲಿನಲ್ಲಿ, ಸೊಸೆ ಹಿಮಬಿಂದುವಿನ ಸೀಮಂತಕ್ಕೆ.

ಮೈಸೂರಿನ ನೆಂಟರಿಷ್ಟರಲ್ಲಿ ಯಾರ ಸೀಮಂತವಾದರೂ ಆರತಿ ಹಾಡು ಕಮಲಾ ಅವರದೇ. ಸ್ವಂತ ಸೊಸೆಗೆ ಹಾಡದಿದ್ದರೆ ಹೇಗೆ? ಅದಕ್ಕೆಂದೇ ಗುರುದತ್ತ ಮೈಕು, ಸ್ಪೀಕರು, ಅವೆರಡರ ನಡುವೆ ಕೂರಿಸುವ ಆಡಿಯೋ ಡಬ್ಬಿ ಎಲ್ಲ ತಂದಿದ್ದ. ಮನೆಯಲ್ಲಿ ಆ ಡಬ್ಬಿಯನ್ನು ಅವನು ಲ್ಯಾಪ್‌ಟಾಪ್ ಬಿಟ್ಟು ಬಳಸಿದವನೇ ಅಲ್ಲ.

"ಇನ್ನು ಇದು ಕಲ್ಲಿಗೆ ಸಮ."

"ಹೋಗ್ಲಿ ಬಿಡು, ನಾದಸ್ವರದವರು ಇದಾರಲ್ಲ," ಎಂದರು ಕಮಲಾ. ಮುಖ ಮಾತ್ರ ಸಪ್ಪಗಾಯಿತು.

ಹೂವಿನ ಕುರ್ಚಿಯಲ್ಲಿ ಕೂತಿದ್ದ ಹಿಮಬಿಂದು ಹಸಿರು ಬಳೆಯ ಕೈ ಬೀಸಿ, ತನ್ನ ತೆಲುಗು ಬೆರೆತ ಕನ್ನಡದಲ್ಲಿ ಗಂಡನನ್ನು ಕರೆದಳು.

"ಏವಂಡಿ, ನೀವು ರೆಕಾರ್ಡ್ ಮಾಡುವಾಗ ನಿಮ್ಮ ವಾಯ್ಸ್ ಹೆಡ್‌ಫೋನಿಗೆ ಡೈರೆಕ್ಟಾಗಿ ಬರ್ತದೆ, ಲ್ಯಾಪ್‌ಟಾಪ್ ಸುತ್ತಿ ಬರೋದೇ ಇಲ್ಲ ಅಂತ ನೀವೇ ಹೇಳಿದ್ರಿ ಕದಾ? ಇಲ್ಲಿ ರೆಕಾರ್ಡ್ ಯಾಕೆ? ಅತ್ತಯ್ಯ ಹಾಡಿದ್ದು ಕೇಳಿಸಿದ್ರೆ ಸಾಕು."

"ಅದಕ್ಕೆ ಕರೆಂಟ್ ಲ್ಯಾಪ್‌ಟಾಪಿಂದಲೇ ಬರಬೇಕಲ್ಲ?"

"ಫೋನ್ ಚಾರ್ಜರ್ ಹಾಕಿ ನೋಡಂಡಿ."

ಹಾಕಿದ. ಡಬ್ಬಿಯ ದೀಪ ಹೊತ್ತಿತು. ಡೈರೆಕ್ಟ್ ಗುಂಡಿ ಒತ್ತಿ ಮೈಕಿಗೆ ಊದಿದ; ಸ್ಪೀಕರು ಬುಸ್ಸೆಂದಿತು. ಗುರುದತ್ತ ನಾಚಿಕೆಯಿಂದ ತಲೆ ಕೆರೆದುಕೊಂಡ.

"ಮನೇಲಿ ಒಬ್ಬರಿಗಾದ್ರೂ ಬುದ್ಧಿ ಇದೆಯಲ್ಲ," ಎಂದು ಕಮಲಾ ಸೊಸೆಯ ಕಡೆ ನೋಡುತ್ತ ಅವನ ಬೆನ್ನು ತಟ್ಟಿದರು.

ಮೊದಲ ಸಾಲಿಗೇ ಅವರ ದನಿ ಹಾಲಿನ ಮೂಲೆಮೂಲೆಗೂ ಹೋಯಿತು. ಕಮಲಾ ಬೆಚ್ಚಿ ನಿಲ್ಲಿಸಿಬಿಟ್ಟರು. ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಂಡು ಮತ್ತೆ ಮೊದಲಿನಿಂದ ಎತ್ತಿಕೊಂಡರು. ಮುತ್ತೈದೆಯರು ಆರತಿ ತಟ್ಟೆ ಎತ್ತಿದರು.

ಎರಡನೆಯ ನುಡಿಗೆ, ಸ್ಪೀಕರಿನ ಪಕ್ಕದಲ್ಲೇ ಕೂತಿದ್ದ ಹಿಮಬಿಂದುವಿನ ಅಜ್ಜಿ ಲಕ್ಷ್ಮೀಕಾಂತಮ್ಮ ಕಿವಿ ಮುಚ್ಚಿಕೊಂಡು ಕೂಗಿದರು: "ಸೌಂಡು ಕೊಂಚೆಂ ತಗ್ಗಿಂಚು ಬಾಬೂ!"

ಗುರುದತ್ತ ಸೌಂಡು ಕಡಿಮೆ ಮಾಡಲು ಗುಂಡಿಗೆ ಕೈ ಹಾಕಿದ. ಕಮಲಾ ಹಾಡು ನಿಲ್ಲಿಸದೆಯೇ ಆ ಕೈಗೆ ಒಂದು ಪೆಟ್ಟು ಕೊಟ್ಟರು.