ಛತ್ತು ನೋಡುವ ಸಾಬಣ್ಣ ಮಾಮಾ

ತೊಟ್ಟಿಲಿನ ನೇರಕ್ಕೆ ತಿರುಗುವ ಫ್ಯಾನು ಕಳಚಿ ಬಿದ್ದರೆ ಎಂಬ ಭಯ ರೇಣಮ್ಮನ ಬೆನ್ನುಹತ್ತಿ ಬಿಡದಾಗಿತ್ತು. ಗಂಡ ಅಮರಪ್ಪ ಶಹಾಪುರದ ಪೇಟೆಯಿಂದ ಕರೆತಂದ ಯಾರೋ ಅವಸರದಲ್ಲಿ ಅದನ್ನು ತೂಗುಹಾಕಿ ಹೋದಂದಿನಿಂದ ಅದು ತುಸುವೇ ಓಲಾಡುತ್ತಿತ್ತು. ಸೆಖೆಗೆ ಹಾಕುವುದು, ಭಯಕ್ಕೆ ಆರಿಸುವುದು, ಕೂಸು ಬೆವೆತು ಅತ್ತರೆ ಮತ್ತೆ ಹಾಕುವುದು. ಕಲಬುರ್ಗಿಯಲ್ಲಿ ಕಲಿತ ಓದೆಲ್ಲ ಆ ಸ್ವಿಚ್ಚಿನ ಗುಂಡಿಯ ಮುಂದೆ ನಿಂತುಬಿಟ್ಟಿತ್ತು.

"ಫ್ಯಾನಿಗಿಂತ ನಿನ್ನ ಜೀವನೇ ಜಾಸ್ತಿ ಅಳ್ಳಾಡಾಕತ್ತದ" ಎಂದು ಅಮರಪ್ಪ ನಗುತ್ತಿದ್ದ. ಮೇಲೆ ನೋಡಿದಾಗಲೆಲ್ಲ ಅವಳಿಗೆ ನೆನಪಾಗುತ್ತಿದ್ದುದು ಶಿರವಾಳದ ಸಾಬಣ್ಣ ಮಾಮಾ, ಅವ್ವನ ತಮ್ಮ.

ಸಾಬಣ್ಣ ಯಾರ ಮನೆ ಹೊಕ್ಕರೂ ಮೊದಲು ನೋಡುತ್ತಿದ್ದುದು ತಲೆಯ ಮೇಲಿನ ಛತ್ತನ್ನು. ಮನುಷ್ಯರ ಸರದಿ ಆಮೇಲೆ. ಕಾಲುವೆಯ ಗೇಟು ಕಾಯುತ್ತಲೇ ನೀರಾವರಿ ಕ್ಯಾಂಪಿನ ಸಾಹೇಬರ ಮನೆಗಳಲ್ಲಿ ವೈರಿಂಗ್ ಕಲಿತವ ಆತ. ನೀರು ಹರಿದು, ಭತ್ತ ಬೆಳೆದು, ಬಂಧುಗಳ ಮನೆಗೆ ಮೊದಲ ಫ್ಯಾನುಗಳು ಬಂದಾಗ ಒಂದೊಂದನ್ನೂ ತನ್ನ ಕೈಯಾರೆ ಹಾಕಿದ. ಮಂಡಿ ಮುಟ್ಟುವ ಖಾಕಿ ಕೋಟಿನ ಜೇಬುಗಳಲ್ಲಿ ಸ್ಕ್ರೂ, ಪಿನ್ನುಗಳು ಹೆಜ್ಜೆಗೊಮ್ಮೆ ಕಿಣಿಗುಡುತ್ತ, ಮನುಷ್ಯನಿಗಿಂತ ಮೊದಲು ಸಪ್ಪಳವೇ ಅಂಗಳಕ್ಕೆ ಬರುತ್ತಿತ್ತು. ಬಾಣಂತಿಯ ಮನೆಯಾದರೆ ಇನ್ನೊಂದು ಹಟ: ಫ್ಯಾನು ಹಾಕಿ, ಜೋರಾಗಿ ಬಿಟ್ಟು, ಅದರ ಬುಡಕ್ಕೆ ತಾನೇ ಮಲಗಿ ಒಂದು ನಿದ್ದೆ ತೆಗೆಯುವನು. "ಮೊದಲ ನಿದ್ದಿ ನಂದು, ಆಮ್ಯಾಲ ಕೂಸಿಂದು." ಆತ ಎದ್ದ ಮೇಲೆಯೇ ತೊಟ್ಟಿಲು ಕಟ್ಟಬೇಕು.

ರೇಣಮ್ಮನಿಗೆ ವರ ನೋಡಲು ಹೋದಾಗಲೂ ಕತ್ತೆತ್ತಿಯೇ ಕುಳಿತಿದ್ದನಂತೆ.

"ಹುಡುಗನ ಮಾರಿ ನೋಡಿದ್ಯೋ ಇಲ್ಲೋ?" ಎಂದು ಅವ್ವ ಗದರಿದಳು.

"ಮಾರಿ ನೋಡಾಕ ಇಕಿ ಅದಾಳಲ್ಲಕ್ಕಾ, ಜಲ್ಮ ಪೂರ್ತಿ. ಛತ್ತಿನ ಕೊಂಡಿ ಗಟ್ಟಿ ಅದ, ಕೊಟ್ಟುಬಿಡು."

ಹೋದ ಬೇಸಿಗೆಯಲ್ಲಿ ಸ್ಟೂಲಿನಿಂದ ಬಿದ್ದು ಆತನ ಟೊಂಕಕ್ಕೆ ಪೆಟ್ಟಾಯಿತು. ಮಗಳು ಮೋನಮ್ಮ ಕೋಟನ್ನು ಟ್ರಂಕಿಗೆ ಸೇರಿಸಿ, "ಅಪ್ಪಗ ಫ್ಯಾನಿನ ಸುದ್ದಿ ಹೇಳಬ್ಯಾಡ್ರಿ, ಹೇಳಿದ್ರ ಹತ್ತತಾನ" ಎಂದು ಬಂಧುಗಳಿಗೆಲ್ಲ ತಾಕೀತು ಮಾಡಿದಳು. ಎಲ್ಲರೂ ಪ್ರೀತಿಯಿಂದಲೇ ಬಾಯಿ ಕಟ್ಟಿಕೊಂಡರು, ರೇಣಮ್ಮನೂ. ಕೂಸಿಗೆ ಹೆಸರಿಡುವ ದಿನ ಆತ ಸಪ್ಪಳವಿಲ್ಲದೆ ಬಂದು, ಹೊರಗಿನ ಕಟ್ಟೆಯಲ್ಲೇ ಉಂಡು, ಕೂಸಿನ ನೆತ್ತಿ ಮುಟ್ಟಿ, ಒಮ್ಮೆಯೂ ಕತ್ತೆತ್ತದೆ ಹೊರಟುಹೋದ. ಕೋಟಿಲ್ಲದ ಆ ಬರಿಯ ಅಂಗಿಯ ಬೆನ್ನು ಬಸ್ಸಿನ ಕಡೆ ಸಣ್ಣದಾಗುತ್ತ ಹೋದದ್ದು ಅವಳ ಕಣ್ಣಲ್ಲೇ ಉಳಿದಿತ್ತು.

ಮಾತಿನಲ್ಲಿ ಮಮತೆ ತೋರಲು ಬಾರದ ಇಂಥ ಜೀವಗಳಿಗೆ ನಮ್ಮ ಮನೆಯೊಳಗೆ ಬರಲು ಒಂದು ಕೆಲಸದ ನೆಪ ಬೇಕು. ಅವರನ್ನು ದಣಿಸಬಾರದೆಂಬ ನಮ್ಮ ಕರುಣೆಯೇ ಎಷ್ಟೋ ಸಲ ಅವರ ಮುಖಕ್ಕೆ ಹಾಕಿದ ಬಾಗಿಲಾಗುತ್ತದೆ. ಹಾಗೆನ್ನಿಸಿದ ಒಂದು ಮಧ್ಯಾಹ್ನ, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ರೇಣಮ್ಮ ಫೋನು ಹಚ್ಚಿದಳು.

"ಮಾಮಾ, ಫ್ಯಾನ್ ಅಳ್ಳಾಡಾಕತ್ತದರಿ. ನಮ್ಮನಿಯವ್ರು ಹತ್ತತಾರ, ನೀವು ಕೆಳಗ ನಿಂತು ಹೇಳ್ರಿ. ನೀವು ನೋಡದ ಹೊರತು ನನಗ ಧೈರ್ಯ ಬರವಲ್ದು."



"ನಾ ಹತ್ತಬಾರದೇನು?"

"ಹತ್ತಬಾರದ್ರಿ."

"ಆತು. ನಿನ್ನ ಗಂಡಗ ಬೈದ್ರ ಸಿಟ್ಟಿಗೇಳಬಾರದು ಮತ್ತ."

"ಬೈಯ್ರಿ ಮಾಮಾ" ಎಂದಳು ರೇಣಮ್ಮ. "ಹೊಟ್ಟಿ ತುಂಬ ಬೈಯ್ರಿ."